ಕಟ್ ಸೆಕ್ಷನ್ ಬೀಗ

ಬೀಗದ ಹೊರಮೈಯಲ್ಲಿ ಒಂದು ಭಾಗವನ್ನು ಕತ್ತರಿಸಿ ತೆಗೆದು, ಒಳಗಿನ ಪಿನ್ನು, ಸ್ಪ್ರಿಂಗು, ಲಿವರುಗಳು ಕೀಲಿಕೈ ಹಾಕಿದಾಗ ಹೇಗೆ ಚಲಿಸುತ್ತವೆ ಎಂಬುದು ಕಣ್ಣಿಗೆ ಕಾಣುವಂತೆ ಮಾಡಿದ ಮಾದರಿಯೇ ಕಟ್ ಸೆಕ್ಷನ್ ಬೀಗ. ಕರ್ನಾಟಕದ ಐಟಿಐ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪುಗಳಲ್ಲಿ ಹೀಗೆ ಕತ್ತರಿಸಿಟ್ಟ ಎಂಜಿನ್, ಪಂಪು, ಗೇರ್‌ಬಾಕ್ಸುಗಳನ್ನು ‘ಕಟ್ ಸೆಕ್ಷನ್’ ಎಂದೇ ಕರೆಯುವ ರೂಢಿಯಿದೆ. ಬೀಗಕ್ಕೂ ಅದೇ ಹೆಸರು ಒಪ್ಪುತ್ತದೆ. ಎರಡು ಹೋಳಾಗಿ ಸೀಳಿದ ಬೀಗಕ್ಕೂ ಇದಕ್ಕೂ ವ್ಯತ್ಯಾಸವಿದೆ. ಸೀಳಿದ ಬೀಗ ರಚನೆಯನ್ನಷ್ಟೇ ತೋರಿಸುತ್ತದೆ. ಕಟ್ ಸೆಕ್ಷನ್ ಬೀಗ ಕತ್ತರಿಸಿದ ಮೇಲೂ ಸರಿಯಾದ ಕೀಲಿಕೈಗೆ ತೆರೆಯಬೇಕು, ತಪ್ಪು ಕೀಲಿಕೈಗೆ ತೆರೆಯದೆ ನಿಲ್ಲಬೇಕು. ಹಾಗಾಗಿ ಇದನ್ನು ತಯಾರಿಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಬೀಗದಲ್ಲಿ ಯಾವ ಲೋಹ ಕೆಲಸ ಮಾಡುತ್ತಿದೆ, ಯಾವುದು ಬರೀ ಮುಚ್ಚಿಕೊಂಡಿದೆ? ಮುಚ್ಚಿಕೊಂಡಿರುವುದನ್ನು ತೆಗೆಯಬಹುದು, ಕೆಲಸ ಮಾಡುವುದನ್ನು ಉಳಿಸಬೇಕು. ಅಳತೆ, ಕತ್ತರಿಕೆ, ಜೋಡಣೆ ಮೂರೂ ಈ ವಿವೇಚನೆಯನ್ನೇ ಅನುಸರಿಸುತ್ತವೆ.

ಹಿನ್ನೆಲೆ

ಬೀಗದ ಒಳಗುಟ್ಟನ್ನು ಮುಚ್ಚಿಡಬೇಕೆ, ತೋರಿಸಬಹುದೆ ಎಂಬ ಚರ್ಚೆ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿರುಸಾಗಿ ನಡೆಯಿತು. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗವೊಂದನ್ನು ಅವರ ಸಂಸ್ಥೆ ಲಂಡನ್ನಿನ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಕೈ ಇಲ್ಲದೆ ತೆರೆಯುವ ಉಪಕರಣ ಮಾಡಿದವರಿಗೆ 200 ಗಿನಿ ಬಹುಮಾನ ಘೋಷಿಸಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಯಾರಿಗೂ ಸೋಲಲಿಲ್ಲ. 1851ರ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, 16 ದಿನಗಳಲ್ಲಿ ಹಂಚಿಕೊಂಡ ಒಟ್ಟು 51 ಗಂಟೆಗಳ ದುಡಿಮೆಯಿಂದ ಅದನ್ನು ತೆರೆದರು. ಚಬ್ ಸಂಸ್ಥೆಯ ಹೆಸರುವಾಸಿ ಡಿಟೆಕ್ಟರ್ ಬೀಗವನ್ನು ಅವರು ಸಾಕ್ಷಿಗಳ ಎದುರು ಅರ್ಧ ಗಂಟೆಯೊಳಗೆ ತೆರೆದಿದ್ದರು. ದೋಷವನ್ನು ಗುಟ್ಟಾಗಿಟ್ಟರೆ ಕಳ್ಳರಿಗೆ ನಷ್ಟವಿಲ್ಲ, ಬೀಗ ಕೊಳ್ಳುವವರಿಗೇ ನಷ್ಟ ಎಂಬ ವಾದ ಆ ಬಳಿಕ ಗಟ್ಟಿಯಾಯಿತು. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಗೂಢಲಿಪಿಯ ಬಗ್ಗೆ ಇದಕ್ಕೆ ಹತ್ತಿರದ ತತ್ವವನ್ನೇ ಮಂಡಿಸಿದರು: ವ್ಯವಸ್ಥೆಯ ರಚನೆ ಶತ್ರುವಿನ ಕೈಸೇರಿದರೂ ತೊಂದರೆಯಾಗಬಾರದು, ಭದ್ರತೆ ಕೀಲಿಯಲ್ಲಿ ಮಾತ್ರ ನೆಲೆಸಿರಬೇಕು. ಒಡಲನ್ನು ತೆರೆದು ತೋರಿಸಿಯೂ ತಪ್ಪು ಕೀಲಿಕೈಗೆ ಮಣಿಯದ ಕಟ್ ಸೆಕ್ಷನ್ ಬೀಗ ಈ ತತ್ವದ ಕಣ್ಣೆದುರಿನ ನಿದರ್ಶನ.

ಇಂದು ಹೆಚ್ಚಾಗಿ ಕತ್ತರಿಸಲ್ಪಡುವುದು ಪಿನ್ ಟಂಬ್ಲರ್ ಬೀಗ. ಬೀಳುವ ಪಿನ್ನುಗಳಿಂದ ಅಗುಳಿಯನ್ನು ಹಿಡಿದು ನಿಲ್ಲಿಸುವ ಉಪಾಯ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು. ಅದನ್ನು ಚಿಕ್ಕ ಲೋಹದ ಕೊಳವೆಯೊಳಗೆ ಅಡಕಗೊಳಿಸಿ, ಚಪ್ಪಟೆ ಕೀಲಿಕೈಯಿಂದ ತೆರೆಯುವಂತೆ ಮಾಡಿದವರು ಅಮೆರಿಕದ ಲೈನಸ್ ಯೇಲ್ ಕಿರಿಯ (1821–1868). ತಂದೆ ಆರಂಭಿಸಿದ್ದ ಕೆಲಸವನ್ನು ಮುಂದುವರಿಸಿದ ಅವರು 1861 ಮತ್ತು 1865ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮನೆಬಾಗಿಲು, ಕಚೇರಿಯ ಮೇಜು, ಗೋಡೆಬೀರುಗಳಲ್ಲಿ ಇಂದು ಕಾಣುವ ಬಹುಪಾಲು ಸಿಲಿಂಡರ್ ಬೀಗಗಳು ಅದೇ ರಚನೆಯ ಮುಂದುವರಿಕೆ.

ಪಿನ್ ಬೀಗದ ರಚನೆ

ಪಿನ್ ಬೀಗದಲ್ಲಿ ಎರಡು ಮುಖ್ಯ ಅಂಗಗಳಿವೆ. ಹೊರಗಿನದು ಅಲುಗಾಡದ ಕವಚ. ಒಳಗಿನದು ಕೀಲಿಕೈಯೊಡನೆ ತಿರುಗುವ ಉರುಳೆ, ಅದಕ್ಕೆ ಪ್ಲಗ್ ಎಂದು ಹೆಸರು. ಪ್ಲಗ್ಗಿನಲ್ಲಿ ಉದ್ದಕ್ಕೂ ಕೀಲಿಕೈ ತೂರುವ ಸಂದು ಇರುತ್ತದೆ. ಕವಚದ ಉಬ್ಬುಭಾಗದಿಂದ ಪ್ಲಗ್ಗಿನ ಸಂದಿನವರೆಗೆ ಒಂದೇ ಸಾಲಿನಲ್ಲಿ ಐದೋ ಆರೋ ರಂಧ್ರಗಳನ್ನು ಕೊರೆದಿರುತ್ತಾರೆ. ಪ್ರತಿ ರಂಧ್ರದಲ್ಲೂ ಒಂದರ ಮೇಲೊಂದು ಎರಡು ಪಿನ್ನುಗಳಿರುತ್ತವೆ. ಕೀಲಿಕೈಯನ್ನು ಮುಟ್ಟುವ ಕೆಳಪಿನ್ನಿನ ಉದ್ದ ಒಂದೊಂದು ರಂಧ್ರದಲ್ಲಿ ಒಂದೊಂದು ಬಗೆ; ಅದರ ಮೇಲಿನ ಪಿನ್ನುಗಳ ಉದ್ದ ಸಾಮಾನ್ಯವಾಗಿ ಒಂದೇ. ಮೇಲ್ಪಿನ್ನನ್ನು ಸ್ಪ್ರಿಂಗು ಕೆಳಕ್ಕೆ ಒತ್ತುತ್ತಿರುತ್ತದೆ.

ಪ್ಲಗ್ಗಿನ ಮೈ ಮುಗಿದು ಕವಚದ ಮೈ ಶುರುವಾಗುವ ಗಡಿಗೆ ಶಿಯರ್ ಲೈನ್ ಎನ್ನುತ್ತಾರೆ. ಕೀಲಿಕೈ ಇಲ್ಲದಾಗ ಸ್ಪ್ರಿಂಗಿನ ಒತ್ತಡಕ್ಕೆ ಮೇಲ್ಪಿನ್ನುಗಳು ಈ ಗಡಿಯನ್ನು ದಾಟಿ ಅರ್ಧ ಪ್ಲಗ್ಗಿನಲ್ಲಿ, ಅರ್ಧ ಕವಚದಲ್ಲಿ ನಿಂತಿರುತ್ತವೆ, ಪ್ಲಗ್ ತಿರುಗುವುದಿಲ್ಲ. ಸರಿಯಾದ ಕೀಲಿಕೈಯ ಹಲ್ಲುಗಳು ಪ್ರತಿ ಜೋಡಿಯನ್ನೂ ಬೇಕಾದಷ್ಟೇ ಎತ್ತುತ್ತವೆ. ಆಗ ಕೆಳಪಿನ್ನು ಮತ್ತು ಮೇಲ್ಪಿನ್ನು ಸೇರುವ ಜಾಗ ಎಲ್ಲ ರಂಧ್ರಗಳಲ್ಲೂ ಏಕಕಾಲಕ್ಕೆ ಗಡಿಗೆ ಸರಿಹೊಂದಿ ಪ್ಲಗ್ ತಿರುಗುತ್ತದೆ. ಕೀಲಿಕೈ ಒಂದು ಹಲ್ಲಿನಲ್ಲಿ ಕಡಿಮೆ ಎತ್ತಿದರೆ ಮೇಲ್ಪಿನ್ನು ಅಡ್ಡ ಬರುತ್ತದೆ, ಹೆಚ್ಚು ಎತ್ತಿದರೆ ಕೆಳಪಿನ್ನೇ ಅಡ್ಡ ಬರುತ್ತದೆ. ಐದು ಪಿನ್ನುಗಳಿಗೆ ತಲಾ ಹತ್ತು ಎತ್ತರಗಳಿದ್ದರೆ ಲೆಕ್ಕದ ಮಟ್ಟಿಗೆ 1,00,000 ಬೇರೆ ಬೇರೆ ಕೀಲಿಕೈಗಳು ಸಾಧ್ಯ. ಪಕ್ಕಪಕ್ಕದ ಹಲ್ಲುಗಳ ನಡುವೆ ತೀರಾ ಆಳದ ಏರಿಳಿತ ಮಾಡಲು ಬರುವುದಿಲ್ಲವಾದ್ದರಿಂದ ಬಳಕೆಗೆ ಸಿಗುವ ಸಂಖ್ಯೆ ಅದಕ್ಕಿಂತ ಕಡಿಮೆ.

ಮಾದರಿ ತೋರಿಸಬೇಕಾದದ್ದು ಮುಖ್ಯವಾಗಿ ಈ ಗಡಿಯನ್ನು. ಸ್ಪ್ರಿಂಗು, ಎರಡೂ ಪಿನ್ನು, ಗಡಿ, ಕೀಲಿಕೈಯ ಹಲ್ಲು ಈ ನಾಲ್ಕೂ ಒಂದೇ ನೋಟಕ್ಕೆ ಸಿಗುವಂತೆ ಕಿಂಡಿ ತೆರೆದರೆ ಬೀಗದ ತತ್ವ ಅದೇ ಕ್ಷಣದಲ್ಲಿ ತಿಳಿದುಬಿಡುತ್ತದೆ.

ಬೀಗದ ಆಯ್ಕೆ

ಕತ್ತರಿಸಲು ಹಿತ್ತಾಳೆಯ ಸಿಲಿಂಡರ್ ಅತ್ಯುತ್ತಮ. ಬೀಗದ ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತುವಿನ ಜೊತೆಗೆ ಸ್ವಲ್ಪ ಸೀಸ ಬೆರೆಸುವ ರೂಢಿಯಿದೆ, ಶೇ. 58ರಷ್ಟು ತಾಮ್ರ, ಶೇ. 39ರಷ್ಟು ಸತು, ಶೇ. 3ರಷ್ಟು ಸೀಸ ಇರುವ ಮಿಶ್ರಣ ಇದಕ್ಕೆ ಪ್ರಸಿದ್ಧ. ಸೀಸದ ದೆಸೆಯಿಂದ ಲೋಹ ಉದ್ದನೆಯ ಸುರುಳಿಯಾಗಿ ಸುತ್ತಿಕೊಳ್ಳದೆ ಪುಡಿಪುಡಿಯಾಗಿ ಉದುರುತ್ತದೆ, ಕತ್ತರಿಸಿದ ಮೈ ನಯವಾಗಿರುತ್ತದೆ. ಅಗ್ಗದ ಬೀಗಗಳ ಎರಕದ ಸತುಮಿಶ್ರಲೋಹ ಮೃದುವಾಗಿದ್ದರೂ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ತೆಳುವಾದ ಅಂಚುಗಳು ಮುರಿಯುತ್ತವೆ.

ಆಯ್ಕೆಗೆ ಮೊದಲು ಅಯಸ್ಕಾಂತವೊಂದನ್ನು ಬೀಗದ ಸುತ್ತ ಆಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒಂದು ಜಾಗದಲ್ಲಿ ಮಾತ್ರ ಸೆಳೆತ ಕಂಡರೆ, ಡ್ರಿಲ್ ತಡೆಯಲು ಅಲ್ಲಿ ಹದಗೊಳಿಸಿದ ಉಕ್ಕಿನ ಮೊಳೆ ಕೂರಿಸಿರುವ ಸಂಭವವಿದೆ. ಕತ್ತರಿಸುವಾಗ ಅದಕ್ಕೆ ತಾಗಿದರೆ ಕಟರಿನ ಹಲ್ಲು ಹೋಗುತ್ತದೆ. ಬಿಚ್ಚಲು ಬರುವ ಬೀಗವನ್ನೇ ಆರಿಸಬೇಕು. ರಂಧ್ರಗಳ ಬಾಯಿಯನ್ನು ಒತ್ತಿ ಶಾಶ್ವತವಾಗಿ ಮುಚ್ಚಿದ ಬೀಗಗಳಲ್ಲಿ ಸ್ಪ್ರಿಂಗುಗಳನ್ನು ಮೇಲಿನಿಂದ ಹೊರತೆಗೆಯಲಾಗದು, ಪ್ಲಗ್ಗಿನ ದಾರಿಯಿಂದಲೇ ತೆಗೆಯಬೇಕಾಗುತ್ತದೆ. ಯುರೋಪಿನ ಮಾದರಿಯ ಸಿಲಿಂಡರುಗಳು ಭಾರತದ ಬಾಗಿಲುಗಳಲ್ಲೂ ಈಗ ವ್ಯಾಪಕ. ಇವುಗಳ ದುಂಡು ಭಾಗದ ವ್ಯಾಸ 17 ಮಿ.ಮೀ., ಒಟ್ಟು ಎತ್ತರ 33 ಮಿ.ಮೀ., ಕೆಳಭಾಗದ ದಪ್ಪ 10 ಮಿ.ಮೀ. ಅಳತೆ ಏಕರೂಪವಾಗಿರುವುದರಿಂದ ಒಂದನ್ನು ಕತ್ತರಿಸಿ ಕೈಪಳಗಿದವರಿಗೆ ಮುಂದಿನವು ಸುಲಭ. ಬಾಗಿಲಿನಲ್ಲಿ ಇವುಗಳ ಪಿನ್ನುಗಳು ಕೆಳಮುಖವಾಗಿರುತ್ತವೆ; ಮಾದರಿಯಲ್ಲಿ ತಲೆಕೆಳಗು ಮಾಡಿ, ಪಿನ್ನುಗಳು ಮೇಲೆ ಬರುವಂತೆ ನಿಲ್ಲಿಸುತ್ತಾರೆ.

ಬಿಚ್ಚುವ ಕ್ರಮ

ಕತ್ತರಿಸುವ ಮೊದಲು ಬೀಗವನ್ನು ಪೂರ್ತಿ ಬಿಚ್ಚಬೇಕು. ಪಿನ್ನು, ಸ್ಪ್ರಿಂಗುಗಳು ಒಳಗಿರುವಾಗಲೇ ಕತ್ತರಿಸಿದರೆ ಅವೂ ತುಂಡಾಗುತ್ತವೆ, ಲೋಹದ ಪುಡಿ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಪ್ಲಗ್ಗಿನ ಹಿಂತುದಿಯ ಕ್ಲಿಪ್ಪನ್ನು ತೆಗೆದು, ಕೀಲಿಕೈ ಹಾಕಿ ಸ್ವಲ್ಪ ತಿರುಗಿಸಿ, ಪ್ಲಗ್ಗನ್ನು ಮುಂದಕ್ಕೆ ಎಳೆಯಬೇಕು. ಹೀಗೆ ಎಳೆಯುತ್ತಿರುವಾಗ ಹಿಂದಿನಿಂದ ಪ್ಲಗ್ಗಿನಷ್ಟೇ ವ್ಯಾಸದ ಕೋಲೊಂದನ್ನು ತಳ್ಳುತ್ತ ಬರಬೇಕು. ಬೀಗ ದುರಸ್ತಿ ಮಾಡುವವರು ಫಾಲೋವರ್ ಎನ್ನುವ ಈ ಕೋಲು ಇಲ್ಲದಿದ್ದರೆ ಮೇಲ್ಪಿನ್ನುಗಳೂ ಸ್ಪ್ರಿಂಗುಗಳೂ ಖಾಲಿಯಾದ ಜಾಗಕ್ಕೆ ಸಿಡಿಯುತ್ತವೆ. ಹೊರತೆಗೆದ ಪಿನ್ನುಗಳನ್ನು ರಂಧ್ರದ ಕ್ರಮ ತಪ್ಪದಂತೆ, ಸಂಖ್ಯೆ ಬರೆದ ತಟ್ಟೆಯಲ್ಲಿಟ್ಟು, ಒಂದೊಂದರ ಉದ್ದವನ್ನೂ ವರ್ನಿಯರಿನಲ್ಲಿ ಅಳೆದು ಬರೆದುಕೊಳ್ಳುತ್ತಾರೆ. ಒಂದು ಎತ್ತರಕ್ಕೂ ಮುಂದಿನದಕ್ಕೂ ಅರ್ಧ ಮಿಲಿಮೀಟರಿನ ಆಸುಪಾಸಿನ ವ್ಯತ್ಯಾಸವಷ್ಟೇ ಇರುವುದರಿಂದ, ಎರಡು ಪಿನ್ನುಗಳು ಅದಲುಬದಲಾದರೂ ಬೀಗ ತನ್ನ ಕೀಲಿಕೈಯನ್ನು ಒಪ್ಪುವುದಿಲ್ಲ.

ಕಿಂಡಿಯ ಲೆಕ್ಕ

ತಯಾರಿಕೆಯ ತಿರುಳು ಈ ಹಂತದಲ್ಲಿದೆ. ಪಿನ್ನು ರಂಧ್ರದ ಪಕ್ಕದಿಂದ ಕಾಣಬೇಕು, ಆದರೆ ಪಕ್ಕಕ್ಕೆ ಬಿದ್ದುಹೋಗಬಾರದು. ರಂಧ್ರದ ಸುತ್ತ ಇರುವ ಲೋಹದಲ್ಲಿ ಪಿನ್ನನ್ನು ಹಿಡಿದಿಡುವುದು ಎಷ್ಟು ಎಂಬುದನ್ನು ರೇಖಾಗಣಿತ ನಿಖರವಾಗಿ ಹೇಳುತ್ತದೆ.

ಉದಾಹರಣೆಗೆ, 3 ಮಿ.ಮೀ. ವ್ಯಾಸದ ರಂಧ್ರದಲ್ಲಿ 2.9 ಮಿ.ಮೀ. ವ್ಯಾಸದ ಪಿನ್ನು ಇದೆ ಎಂದುಕೊಳ್ಳಬಹುದು. ಕವಚವನ್ನು ಒಂದು ಬದಿಯಿಂದ ಚಪ್ಪಟೆಯಾಗಿ ಕತ್ತರಿಸುತ್ತ ಬಂದರೆ, ಕತ್ತರಿಸಿದ ಮೈ ರಂಧ್ರದ ಮಧ್ಯರೇಖೆಗೆ ಹತ್ತಿರವಾದಷ್ಟೂ ಕಿಂಡಿ ಅಗಲವಾಗುತ್ತದೆ. ಮಧ್ಯರೇಖೆಯಿಂದ 1.2 ಮಿ.ಮೀ. ದೂರದಲ್ಲಿ ನಿಲ್ಲಿಸಿದರೆ ಕಿಂಡಿಯ ಅಗಲ 1.8 ಮಿ.ಮೀ.; 1 ಮಿ.ಮೀ. ದೂರದಲ್ಲಿ 2.24 ಮಿ.ಮೀ.; 0.5 ಮಿ.ಮೀ. ದೂರದಲ್ಲಿ 2.83 ಮಿ.ಮೀ.; ಮಧ್ಯರೇಖೆಯನ್ನೇ ಮುಟ್ಟಿದರೆ ಪೂರ್ತಿ 3 ಮಿ.ಮೀ. ಕೊನೆಯದರಲ್ಲಿ ಪಿನ್ನು ನೇರವಾಗಿ ಹೊರಬೀಳುತ್ತದೆ. ಅದರ ಹಿಂದಿನದರಲ್ಲಿ ಪಿನ್ನನ್ನು ಹಿಡಿದಿರುವುದು ಕೇವಲ 0.07 ಮಿ.ಮೀ. ಅಂತರ, ಅಂಚು ತುಸು ಸವೆದರೂ ಆ ಹಿಡಿತ ಉಳಿಯದು. ಎರಡನೆಯದು ಒಳ್ಳೆಯ ಹದ: ಪಿನ್ನಿನ ಬಹುಭಾಗ ಕಾಣುತ್ತದೆ, ಎರಡು ಅಂಚುಗಳು ಸೇರಿ 0.66 ಮಿ.ಮೀ.ನಷ್ಟು ಹಿಡಿತವೂ ಉಳಿಯುತ್ತದೆ. ಪಿನ್ನು ಕತ್ತರಿಸಿದ ಮೈಗಿಂತ ಸುಮಾರು 0.45 ಮಿ.ಮೀ. ಉಬ್ಬಿ ಹೊರಗಿಣುಕುವುದರಿಂದ ಬೆಳಕು ಬಿದ್ದಾಗ ಅದರ ದುಂಡುತನ ಸ್ಪಷ್ಟವಾಗಿ ತೋರುತ್ತದೆ.

ಇದೇ ಲೆಕ್ಕದಲ್ಲಿ ಇನ್ನೆರಡು ಎಚ್ಚರಗಳು ಸೇರುತ್ತವೆ. ಮೊದಲನೆಯದು ಸ್ಪ್ರಿಂಗಿನದು. ಸ್ಪ್ರಿಂಗಿನ ಸುರುಳಿ ಪಿನ್ನಿಗಿಂತ ತೆಳು, ಒತ್ತಿದಾಗ ಬಾಗುವ ಸ್ವಭಾವದ್ದು. ಪಿನ್ನಿಗೆ ಸಾಕಾದ ಕಿಂಡಿಯಲ್ಲಿ ಅದು ಹೊಟ್ಟೆ ಮುಂದೆ ಮಾಡಿ ಹೊರಬರಬಹುದು. ಅದಕ್ಕಾಗಿ ರಂಧ್ರದ ಮೇಲ್ಭಾಗದಲ್ಲಿ ಕಿಂಡಿಯನ್ನು ಇನ್ನಷ್ಟು ಕಿರಿದಾಗಿಸುತ್ತಾರೆ, ಇಲ್ಲವೆ ಅಡ್ಡಲಾಗಿ ಒಂದು ಪಟ್ಟಿ ಲೋಹವನ್ನು ಉಳಿಸುತ್ತಾರೆ. ಎರಡನೆಯದು ರಂಧ್ರಗಳ ನಡುವಿನ ಗೋಡೆ. ಸಾಮಾನ್ಯ ಸಿಲಿಂಡರುಗಳಲ್ಲಿ ಒಂದು ಪಿನ್ನಿನ ಮಧ್ಯದಿಂದ ಮುಂದಿನದರ ಮಧ್ಯಕ್ಕೆ ಸುಮಾರು 4 ಮಿ.ಮೀ. ಅಂತರ. ರಂಧ್ರ 3 ಮಿ.ಮೀ. ಆದಮೇಲೆ ಉಳಿಯುವ ಗೋಡೆ ಒಂದೇ ಮಿಲಿಮೀಟರ್. ಕಟರ್ ಜೋರಾಗಿ ನೂಕಿದರೆ ಈ ಗೋಡೆ ಬಾಗಿ ಪಿನ್ನು ಸಿಕ್ಕಿಕೊಳ್ಳುತ್ತದೆ.

ಪ್ಲಗ್ಗಿನ ಎರಡೂ ತುದಿಗಳು ಮಾತ್ರ ಸಂಪೂರ್ಣ ದುಂಡಾಗಿ ಉಳಿಯಲೇಬೇಕು. ಮುಂದಿನ ಅಂಚು ಮತ್ತು ಹಿಂಭಾಗ ಕವಚದಲ್ಲಿ ಬೇರಿಂಗಿನಂತೆ ಕೂತು ಪ್ಲಗ್ಗನ್ನು ನೆಟ್ಟಗೆ ಹಿಡಿಯುತ್ತವೆ. ಆದಕಾರಣ ಕಿಂಡಿಯನ್ನು ಮೊದಲ ರಂಧ್ರದ ಸ್ವಲ್ಪ ಮುಂಚೆ ಆರಂಭಿಸಿ ಕೊನೆಯ ರಂಧ್ರದ ಸ್ವಲ್ಪ ಆಚೆಗೆ ನಿಲ್ಲಿಸುತ್ತಾರೆ. ಕೆಳಗಡೆ ಕೀಲಿಕೈಯ ಸಂದಿನ ಒಂದು ಪಕ್ಕ ತೆರೆದುಕೊಂಡು ಹಲ್ಲುಗಳು ಕಾಣುವಷ್ಟಕ್ಕೆ ಕಿಂಡಿ ಸಾಕು. ಕೀಲಿಕೈಯನ್ನು ನೇರವಾಗಿ ಹಿಡಿಯುವ ಉದ್ದ ಏಣುಗಳಲ್ಲಿ ಕೆಲವಾದರೂ ಉಳಿಯಬೇಕು. ಇಲ್ಲವಾದರೆ ಕೀಲಿಕೈ ವಾಲಿ, ಪಿನ್ನುಗಳ ಎತ್ತರ ತಪ್ಪುತ್ತದೆ.

ಕತ್ತರಿಸುವ ಕೆಲಸ

ಮಿಲ್ಲಿಂಗ್ ಯಂತ್ರವಿದ್ದರೆ ಕೆಲಸ ನಿಖರ. ಖಾಲಿ ಪ್ಲಗ್ಗನ್ನು ಕವಚದೊಳಗೆ ಸೇರಿಸಿ, ರಂಧ್ರಗಳ ಸಾಲು ಸರಿಹೊಂದಿಸಿ, ಎರಡನ್ನೂ ಒಟ್ಟಿಗೇ ಕತ್ತರಿಸುವುದು ರೂಢಿ. ಹಾಗೆ ಮಾಡಿದಾಗ ಎರಡರ ಕತ್ತರಿಸಿದ ಮೈಗಳು ಒಂದೇ ಮಟ್ಟದಲ್ಲಿ ಬಂದು, ಶಿಯರ್ ಲೈನ್ ಕೂದಲೆಳೆಯಂಥ ಗೆರೆಯಾಗಿ ಎದ್ದು ಕಾಣುತ್ತದೆ. ಬೇರೆಬೇರೆಯಾಗಿ ಕತ್ತರಿಸಿದರೆ ಮೆಟ್ಟಿಲಿನಂಥ ಏರುಪೇರಾಗಿ, ಮುಖ್ಯವಾದ ಗೆರೆಯೇ ಮಸುಕಾಗುತ್ತದೆ. ರಂಧ್ರಗಳಲ್ಲಿ ಹಿತ್ತಾಳೆಯ ಗಟ್ಟಿ ಕಡ್ಡಿಗಳನ್ನು ತೂರಿಸಿಟ್ಟರೆ ಎರಡು ಲಾಭ: ಪ್ಲಗ್ ಅಲುಗಾಡದೆ ನಿಲ್ಲುತ್ತದೆ, ರಂಧ್ರದ ಅಂಚು ಒಳಕ್ಕೆ ಮಡಚಿಕೊಳ್ಳುವುದಿಲ್ಲ.

ಕವಚವನ್ನು ವೈಸಿನಲ್ಲಿ ಹಿಡಿಯುವಾಗ ಮೆದು ಲೋಹದ ದವಡೆ ಬಳಸುತ್ತಾರೆ. ಹೆಚ್ಚು ಬಿಗಿದರೆ ಕವಚ ಅಂಡಾಕಾರವಾಗಿ ಪ್ಲಗ್ ತಿರುಗದಂತಾಗುತ್ತದೆ. ಮಧ್ಯರೇಖೆಯನ್ನು ಮೊದಲ ಮತ್ತು ಕೊನೆಯ ರಂಧ್ರಗಳಿಂದ ಗುರುತಿಸಿ, ಬೀಗ ಯಂತ್ರದ ಚಲನೆಗೆ ಸಮಾನಾಂತರವಾಗಿದೆಯೇ ಎಂದು ಡಯಲ್ ಗೇಜಿನಿಂದ ನೋಡಬೇಕು. ಒಂದು ತುದಿಯಲ್ಲಿ ಅರ್ಧ ಮಿಲಿಮೀಟರ್ ಓರೆಯಾದರೂ, ಮೇಲಿನ ಲೆಕ್ಕದ ಪ್ರಕಾರ ಆ ತುದಿಯ ಪಿನ್ನಿನ ಹಿಡಿತ ಹೋಗಿಬಿಡುತ್ತದೆ. ಹಿತ್ತಾಳೆಯನ್ನು ಮೆತ್ತನೆಯ ಉಕ್ಕಿಗಿಂತ ಹೆಚ್ಚಿನ ವೇಗದಲ್ಲಿ ಕತ್ತರಿಸಬಹುದು. ಕೂಲೆಂಟ್ ಇಲ್ಲದೆಯೂ ನಡೆಯುತ್ತದೆ. ಮೊದಲು ದೊಡ್ಡ ಪದರಗಳಲ್ಲಿ ತೆಗೆದು, ಕೊನೆಯ ಅರ್ಧ ಮಿಲಿಮೀಟರನ್ನು 0.1 ಮಿ.ಮೀ.ನಷ್ಟು ತೆಳು ಪದರಗಳಲ್ಲಿ ತೆಗೆಯುತ್ತ, ಪ್ರತಿ ಸಲವೂ ಕಿಂಡಿಯ ಅಗಲ ಅಳೆಯುವುದು ಸುರಕ್ಷಿತ ಕ್ರಮ. ತೆಗೆದ ಲೋಹವನ್ನು ಮತ್ತೆ ಸೇರಿಸಲು ದಾರಿಯಿಲ್ಲ.

ಯಂತ್ರವಿಲ್ಲದವರು ಬೆಂಚ್ ವೈಸು, ಹ್ಯಾಕ್ಸಾ, ಅರಗಳಿಂದಲೂ ಇದನ್ನು ಮಾಡಬಹುದು. ಮಾರ್ಕರ್ ಶಾಯಿ ಬಳಿದು ಅದರ ಮೇಲೆ ಸ್ಕ್ರೈಬರಿನಿಂದ ಗೆರೆ ಗೀರಿ, ಗೆರೆಯಿಂದ ಒಂದು ಮಿಲಿಮೀಟರ್ ಹೊರಗೆ ಹ್ಯಾಕ್ಸಾದಿಂದ ಕತ್ತರಿಸಿ, ಉಳಿದದ್ದನ್ನು ಚಪ್ಪಟೆ ಅರದಿಂದ ಉಜ್ಜಿ ಇಳಿಸುತ್ತಾರೆ. ಹಿತ್ತಾಳೆಗೆ ಹೊಸ, ಹರಿತವಾದ ಅರವೇ ಬೇಕು. ಉಕ್ಕಿಗೆ ಬಳಸಿ ಮೊಂಡಾದ ಅರ ಅದರ ಮೇಲೆ ಜಾರುತ್ತದೆ. ಅರದ ಕೆಲಸ ನಿಧಾನವಾದರೂ ಅದರಲ್ಲಿ ಒಂದು ಅನುಕೂಲವಿದೆ: ಲೋಹ ಸ್ವಲ್ಪಸ್ವಲ್ಪವೇ ಹೋಗುವುದರಿಂದ, ರಂಧ್ರ ಮೊದಲು ದಾರದಂತೆ ತೆರೆದುಕೊಂಡು ನಂತರ ಅಗಲವಾಗುವುದನ್ನು ಕಣ್ಣಾರೆ ನೋಡುತ್ತ ಸರಿಯಾದ ಹಂತದಲ್ಲಿ ಕೈ ನಿಲ್ಲಿಸಬಹುದು.

ಹಿತ್ತಾಳೆಯ ಚೂರುಗಳು ಸೂಜಿಯಂತೆ ಚೂಪಾಗಿ ಸಿಡಿಯುವುದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ಸೀಸ ಬೆರೆತ ಲೋಹವಾದ್ದರಿಂದ ಪುಡಿಯನ್ನು ಬಾಯಿಯಿಂದ ಊದಬಾರದು. ಬ್ರಷ್ಷಿನಿಂದ ಸರಿಸಿ, ಕೆಲಸ ಮುಗಿದ ಮೇಲೆ ಊಟಕ್ಕೆ ಮುನ್ನ ಕೈಯನ್ನು ಸೋಪಿನಿಂದ ತೊಳೆಯಬೇಕು.

ಬರ್ ತೆಗೆಯುವುದು ಮತ್ತು ನುಣುಪು

ಕತ್ತರಿಸಿದ ಅಂಚಿನಲ್ಲಿ ಎದ್ದುನಿಲ್ಲುವ ಲೋಹದ ಸಿಪ್ಪೆಗೆ ವರ್ಕ್‌ಶಾಪಿನಲ್ಲಿ ಬರ್ ಎನ್ನುತ್ತಾರೆ. ಕತ್ತರಿಸಿದ್ದು ಸರಿಯಾಗಿದ್ದೂ ಬೀಗ ಕೆಲಸ ಮಾಡದಿರಲು ಬಹುತೇಕ ಇದೇ ಕಾರಣ. ಪಿನ್ನು ಮತ್ತು ರಂಧ್ರದ ನಡುವೆ ಇರುವ ಸಡಿಲವೇ ಹತ್ತನೇ ಒಂದು ಮಿಲಿಮೀಟರಿನ ಸುಮಾರು. ಕೂದಲಿನಷ್ಟು ದಪ್ಪದ ಬರ್ ಕೂಡ ಪಿನ್ನನ್ನು ಹಿಡಿದುಬಿಡುತ್ತದೆ. ಹೊರ ಅಂಚನ್ನು ನೀಡಲ್ ಫೈಲಿನಿಂದ, ರಂಧ್ರದ ಒಳ ಅಂಚನ್ನು ಅದೇ ವ್ಯಾಸದ ಡ್ರಿಲ್ ಬಿಟ್ಟನ್ನು ಕೈಬೆರಳಲ್ಲಿ ತಿರುಗಿಸಿ ಶುಚಿ ಮಾಡುತ್ತಾರೆ. ಯಂತ್ರದಲ್ಲಿ ತಿರುಗಿಸಿದರೆ ರಂಧ್ರವೇ ದೊಡ್ಡದಾಗುವ ಅಪಾಯವಿದೆ. ಶಿಯರ್ ಲೈನಿನ ಅಂಚನ್ನು ಮಾತ್ರ ದುಂಡಗೆ ಮಾಡಬಾರದು. ಅಲ್ಲಿನ ಚೂಪು ಅಂಚೇ ಪಿನ್ನನ್ನು ತಡೆದು ನಿಲ್ಲಿಸುವುದು.

ಚಪ್ಪಟೆ ಮೈಯನ್ನು ಗಾಜಿನ ಮೇಲೆ ಹಾಸಿದ ಎಮರಿ ಪೇಪರಿನ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. 400, 600, 1000 ಹೀಗೆ ಕ್ರಮವಾಗಿ ನಯವಾದ ಕಾಗದಕ್ಕೆ ಹೋಗುತ್ತ, ಒಂದೊಂದು ಹಂತದಲ್ಲೂ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಗೀರುಗಳು ಉಳಿದಿವೆಯೇ ಎಂಬುದು ಗೊತ್ತಾಗುತ್ತದೆ. ಕೊನೆಗೆ ಸೀಮೆಎಣ್ಣೆಯಲ್ಲೋ ಬಿಸಿ ಸೋಪುನೀರಿನಲ್ಲೋ ತೊಳೆದು ಒಣಗಿಸುತ್ತಾರೆ.

ಯಂತ್ರಗಳ ಕಟ್ ಸೆಕ್ಷನ್‌ಗಳಲ್ಲಿ ಕತ್ತರಿಸಿದ ಮೈಗೆ ಕೆಂಪು ಬಣ್ಣ ಬಳಿಯುವ ಪದ್ಧತಿಯಿದೆ. ಇಲ್ಲಿ ಲೋಹವಿತ್ತು, ನೋಟಕ್ಕಾಗಿ ಕತ್ತರಿಸಲಾಗಿದೆ ಎಂಬುದಕ್ಕೆ ಅದು ಗುರುತು. ಎಂಜಿನಿಯರಿಂಗ್ ನಕ್ಷೆಯಲ್ಲಿ ಸೀಳುಮೈಗೆ ಎಳೆಯುವ ಓರೆಗೆರೆಗಳ ಕೆಲಸವನ್ನೇ ಮಾದರಿಯಲ್ಲಿ ಬಣ್ಣ ಮಾಡುತ್ತದೆ. ಬೀಗದಲ್ಲಿ ಬಣ್ಣದ ಪದರ ಪಿನ್ನಿನ ದಾರಿಗೆ ಇಳಿಯದಂತೆ ನೋಡಿಕೊಳ್ಳಬೇಕು. ಕೆಳಪಿನ್ನು ಹಿತ್ತಾಳೆಯದಾಗಿ, ಮೇಲ್ಪಿನ್ನು ಬಿಳಿಲೋಹದ್ದಾಗಿ ಆರಿಸಿದರೆ ಬಣ್ಣದ ಅಗತ್ಯವೇ ಇಲ್ಲದೆ ಎರಡೂ ಬೇರೆಯಾಗಿ ಕಾಣುತ್ತವೆ.

ಮರುಜೋಡಣೆ ಮತ್ತು ತಿರುಗುವ ದಿಕ್ಕು

ಬಿಚ್ಚಿದ ಕ್ರಮವನ್ನೇ ಹಿಂದುಮುಂದಾಗಿಸಿ ಜೋಡಿಸುತ್ತಾರೆ. ಫಾಲೋವರನ್ನು ಕವಚದಲ್ಲಿಟ್ಟು ಸ್ಪ್ರಿಂಗು, ಮೇಲ್ಪಿನ್ನುಗಳನ್ನು ಚಿಮಟದಿಂದ ಒಂದೊಂದಾಗಿ ಕೂರಿಸಿ, ಕೆಳಪಿನ್ನು ಮತ್ತು ಕೀಲಿಕೈ ಸಮೇತ ಪ್ಲಗ್ಗನ್ನು ತಳ್ಳುತ್ತ ಫಾಲೋವರನ್ನು ಹೊರಹಾಕಬೇಕು. ಮೊದಲು ಒಂದೇ ಜೋಡಿ ಪಿನ್ನು ಹಾಕಿ ಪರೀಕ್ಷಿಸಿ, ಸರಾಗವಾಗಿ ಆಡಿದ ಮೇಲೆ ಮುಂದಿನದಕ್ಕೆ ಹೋದರೆ ದೋಷವಿರುವ ರಂಧ್ರ ಕೂಡಲೇ ಪತ್ತೆಯಾಗುತ್ತದೆ.

ಕವಚ, ಪ್ಲಗ್ ಎರಡನ್ನೂ ಒಂದೇ ಬದಿಯಿಂದ ಕತ್ತರಿಸಿದ ಬೀಗವನ್ನು ಎರಡೂ ದಿಕ್ಕಿಗೆ ತಿರುಗಿಸುವಂತಿಲ್ಲ. ಕೀಲಿಕೈ ಹಾಕುವ ಕಡೆಯಿಂದ ನೋಡಿದಾಗ ಪಿನ್ನುಗಳು ಮೇಲೆ, ಕಿಂಡಿ ಎಡಗಡೆ ಇದೆ ಎಂದುಕೊಂಡರೆ, ಬಲಕ್ಕೆ ತಿರುಗಿಸಿದಾಗ ಪ್ಲಗ್ಗಿನ ಕತ್ತರಿಸಿದ ಭಾಗ ಮೇಲ್ಪಿನ್ನುಗಳ ಕೆಳಗೆ ಬರುತ್ತದೆ. ಸ್ಪ್ರಿಂಗು ಅವನ್ನು ಆ ಖಾಲಿ ಜಾಗಕ್ಕೆ ತಳ್ಳುತ್ತದೆ; ಬೀಗ ಕಚ್ಚಿಕೊಂಡು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಎಡಕ್ಕೆ, ಅಂದರೆ ಕಿಂಡಿಯ ಕಡೆಗೆ ತಿರುಗಿಸಿದರೆ ಪ್ಲಗ್ಗಿನ ಕತ್ತರಿಸದ ಬಲಮೈ ಮೇಲ್ಪಿನ್ನುಗಳ ಕೆಳಗೆ ಬಂದು ಅವನ್ನು ತಡೆದು ನಿಲ್ಲಿಸುತ್ತದೆ. ಕೆಳಪಿನ್ನುಗಳು ಪ್ಲಗ್ಗಿನ ಜೊತೆ ಕವಚದ ಆಸರೆಯಿಂದ ಹೊರಬಂದರೂ ಅವುಗಳ ಮೇಲೆ ಸ್ಪ್ರಿಂಗಿನ ಒತ್ತಡವಿರುವುದಿಲ್ಲ. ಸ್ವಂತ ತೂಕದಿಂದಲೇ ಕೀಲಿಕೈಯ ಹಲ್ಲುಗಳ ಮೇಲೆ ಕೂತಿರುತ್ತವೆ. ಕಾಲು ಸುತ್ತಿನ ಹತ್ತಿರಕ್ಕೆ ಬಂದರೆ ಅವೂ ಮಲಗಿದಂತಾಗಿ ಜಾರಿ ಬೀಳಬಹುದು. ಆದ್ದರಿಂದ ಸುಮಾರು 45 ಡಿಗ್ರಿಗೆ ಪ್ಲಗ್ ನಿಲ್ಲುವಂತೆ ತಡೆಮೊಳೆಯೊಂದನ್ನು ಕೂರಿಸುವುದು ಉತ್ತಮ. ಎರಡು ಪಿನ್ನುಗಳು ಗಡಿಯಲ್ಲಿ ಬೇರ್ಪಡುವುದನ್ನು ತೋರಿಸಲು ಅಷ್ಟು ತಿರುವು ಧಾರಾಳ. ಪೂರ್ತಿ ಸುತ್ತಬೇಕೆಂದರೆ ಪ್ಲಗ್ಗನ್ನು ಕತ್ತರಿಸದೆ ಕವಚಕ್ಕೆ ಮಾತ್ರ ಕಿಂಡಿ ಮಾಡಬೇಕು. ಆಗ ಮೇಲ್ಪಿನ್ನಿನ ಚಲನೆ ಕಾಣುತ್ತದೆ, ಕೀಲಿಕೈ ಕಾಣುವುದಿಲ್ಲ.

ಮಾದರಿಯ ಜೊತೆ ಮೂರು ಕೀಲಿಕೈಗಳಿರುವುದು ಒಳ್ಳೆಯದು: ಸರಿಯಾದದ್ದು, ಒಂದೇ ಹಲ್ಲು ಒಂದು ಹಂತ ತಪ್ಪಿದ್ದು, ಹಲ್ಲೇ ಕೊರೆಯದ ಬ್ಲ್ಯಾಂಕ್. ಎರಡನೆಯದನ್ನು ಹಾಕಿದಾಗ ನಾಲ್ಕು ಜೋಡಿಗಳು ಗೆರೆಗೆ ಸರಿಹೊಂದಿ, ಐದನೆಯದೊಂದೇ ದಾಟಿ ನಿಂತು ಇಡೀ ಪ್ಲಗ್ಗನ್ನು ತಡೆಯುವುದು ಕಾಣುತ್ತದೆ. ಮೂರನೆಯದು ಎಲ್ಲ ಕೆಳಪಿನ್ನುಗಳನ್ನೂ ಅತಿಯಾಗಿ ಎತ್ತಿ, ಅವೇ ಅಡ್ಡಿಯಾಗುವುದನ್ನು ತೋರಿಸುತ್ತದೆ.

ಲಿವರ್ ಬೀಗ ಮತ್ತು ಇತರ ಬಗೆಗಳು

ಭಾರತದ ಅಂಗಡಿ, ಗೋದಾಮು, ಮನೆಗಳ ತೂಗುಬೀಗಗಳಲ್ಲಿ ಲಿವರ್ ಬೀಗದ ಬಳಕೆ ದೊಡ್ಡದು. ಉತ್ತರ ಪ್ರದೇಶದ ಅಲಿಗಢ ಬೀಗ ತಯಾರಿಕೆಗೆ ಹೆಸರಾದ ಊರು. ತಮಿಳುನಾಡಿನ ದಿಂಡಿಗಲ್ಲಿನ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಗೋದ್ರೆಜ್ ಸಂಸ್ಥೆ 1897ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದೇ ಬೀಗ ತಯಾರಿಕೆಯಿಂದ. ಲಿವರ್ ಬೀಗದಲ್ಲಿ ಒಂದರ ಮೇಲೊಂದು ಜೋಡಿಸಿದ ತಗಡಿನಂಥ ಲಿವರುಗಳಿದ್ದು, ಪ್ರತಿಯೊಂದರಲ್ಲೂ ಒಂದು ಕಚ್ಚು ಇರುತ್ತದೆ. ಕೀಲಿಕೈ ಎಲ್ಲ ಲಿವರುಗಳನ್ನೂ ಬೇಕಾದ ಎತ್ತರಕ್ಕೆ ಎತ್ತಿದಾಗ ಕಚ್ಚುಗಳು ಒಂದೇ ಸಾಲಿಗೆ ಬಂದು, ಅಗುಳಿಯ ಮೇಲಿನ ಗೂಟ ಅವುಗಳ ಮೂಲಕ ಹಾಯುತ್ತದೆ. ಕಡಿಮೆ ಎತ್ತಿದರೂ ಹೆಚ್ಚು ಎತ್ತಿದರೂ ತಡೆಯುವ ಇಂಥ ಬೀಗಕ್ಕೆ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದರು. 1818ರಲ್ಲಿ ಜೆರೆಮಯಾ ಚಬ್, ಯಾರಾದರೂ ಕಳ್ಳ ಕೀಲಿಯಿಂದ ಲಿವರನ್ನು ಅತಿಯಾಗಿ ಎತ್ತಿದರೆ ಅದು ಸಿಕ್ಕಿಕೊಂಡು ಮಾಲೀಕರಿಗೆ ಸುಳಿವು ಕೊಡುವ ‘ಡಿಟೆಕ್ಟರ್’ ವ್ಯವಸ್ಥೆಯನ್ನು ಸೇರಿಸಿದರು.

ಲಿವರ್ ಬೀಗವನ್ನು ತೆರೆದು ತೋರಿಸುವುದು ಪಿನ್ ಬೀಗಕ್ಕಿಂತ ಸುಲಭ, ಏಕೆಂದರೆ ಅದರ ಅಂಗಗಳು ಚಪ್ಪಟೆಯಾಗಿ ಹರಡಿಕೊಂಡಿವೆ. ಮುಚ್ಚಳದ ರಿವೆಟ್ಟುಗಳನ್ನು ಕೊರೆದು ತೆಗೆದು, ಅದರ ಜಾಗಕ್ಕೆ 3 ಮಿ.ಮೀ. ದಪ್ಪದ ಅಕ್ರಿಲಿಕ್ ಹಲಗೆಯನ್ನು ಸ್ಕ್ರೂಗಳಿಂದ ಬಿಗಿದರೆ ಸಾಕು. ಆದರೆ ಮುಚ್ಚಳ ಬರೀ ಮರೆಯಲ್ಲ. ಕೀಲಿಕೈಯ ತುದಿಗೆ ಮತ್ತು ಲಿವರುಗಳ ಕೀಲುಮೊಳೆಗೆ ಅದು ಆಸರೆಯೂ ಹೌದು. ಆ ರಂಧ್ರಗಳನ್ನು ಅಕ್ರಿಲಿಕ್ಕಿನಲ್ಲೂ ಅದೇ ಜಾಗದಲ್ಲಿ ಕೊರೆಯದಿದ್ದರೆ ಲಿವರುಗಳು ವಾಲುತ್ತವೆ. ಮೇಲಿನ ಲಿವರು ಕೆಳಗಿನವನ್ನು ಮರೆಮಾಡುವ ತೊಂದರೆಗೆ, ಮೇಲಿನವುಗಳ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದು ಪರಿಹಾರ. ಕಚ್ಚು, ಸ್ಪ್ರಿಂಗು, ಕೀಲಿಕೈ ಮುಟ್ಟುವ ಹೊಟ್ಟೆಭಾಗ ಮೂರನ್ನು ಮುಟ್ಟಬಾರದು. ತೂಗುಬೀಗದ ಕೊಂಡಿ ಹದಗೊಳಿಸಿದ ಉಕ್ಕಾಗಿದ್ದರೆ ಹ್ಯಾಕ್ಸಾ ಅದನ್ನು ಕತ್ತರಿಸದು. ಕೊಂಡಿ ಸಿಕ್ಕುವ ಗಾಳವನ್ನು ತೋರಿಸಲು ಬೀಗದ ಮೈಗೆ ಕಿಂಡಿ ಮಾಡುವುದೇ ದಾರಿ.

ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ರೂಪಿಸಿದ, ಅಬ್ಲಾಯ್ ಹೆಸರಿನಿಂದ ಪ್ರಸಿದ್ಧವಾದ ಬೀಗದಲ್ಲಿ ಪಿನ್ನು, ಸ್ಪ್ರಿಂಗುಗಳೇ ಇಲ್ಲ. ಕಚ್ಚುಗಳಿರುವ ಬಿಲ್ಲೆಗಳ ಸಾಲು ಕೀಲಿಕೈಯೊಡನೆ ತಿರುಗಿ, ಕಚ್ಚುಗಳೆಲ್ಲ ಒಂದು ಗೆರೆಗೆ ಬಂದಾಗ ಅಡ್ಡಸರಳೊಂದು ಅವುಗಳೊಳಗೆ ಇಳಿಯುತ್ತದೆ. ಇಲ್ಲಿ ತೋರಿಸಬೇಕಾದದ್ದು ಆ ಸರಳು. ಕವಚದ ಉದ್ದಕ್ಕೆ, ಸರಳಿಗಿಂತ ಕಿರಿದಾದ ಒಂದೇ ಕಿಂಡಿ ಸಾಕಾಗುತ್ತದೆ. ತಿಜೋರಿಯ ಸಂಖ್ಯಾಬೀಗದಲ್ಲಿ ಹಿಂಬದಿಯ ಮುಚ್ಚಳವನ್ನು ಪಾರದರ್ಶಕ ಮಾಡಿದರೆ, ಚಕ್ರಗಳ ಕಚ್ಚುಗಳು ಒಂದೊಂದಾಗಿ ಸಾಲಿಗೆ ಬರುವುದು ಕಾಣುತ್ತದೆ. ಇಡೀ ಬೀಗವನ್ನೇ ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಮಾಡಿದ ಅಭ್ಯಾಸದ ಬೀಗಗಳೂ ಮಾರುಕಟ್ಟೆಯಲ್ಲಿವೆ. ಅವು ಅಗ್ಗ, ಹಗುರ. ಆದರೆ ಬೆಳಕು ದುಂಡು ಮೈಗಳಲ್ಲಿ ಬಾಗುವುದರಿಂದ ಗಡಿರೇಖೆ ಕತ್ತರಿಸಿದ ಹಿತ್ತಾಳೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕಾಣದು.

ಉಪಯೋಗ

ಬೀಗ ದುರಸ್ತಿ ಕಲಿಯುವವರಿಗೆ ಕಟ್ ಸೆಕ್ಷನ್ ಬೀಗ ಪಠ್ಯವಿದ್ದಂತೆ. ಕೀಲಿಕೈ ಕಳೆದುಹೋದ ಬೀಗಕ್ಕೆ ಹೊಸ ಪಿನ್ನು ಹಾಕುವುದು, ಸವೆದ ಕೀಲಿಕೈ ಏಕೆ ಕೈಕೊಡುತ್ತದೆ ಎಂದು ಗುರುತಿಸುವುದು ಅದರ ಮುಂದೆ ಕೆಲವೇ ನಿಮಿಷಗಳಲ್ಲಿ ಮನದಟ್ಟಾಗುತ್ತದೆ. ನಡುಭಾಗ ಸಣ್ಣಗಿರುವ ಮೇಲ್ಪಿನ್ನುಗಳನ್ನು ಒಂದೆರಡು ರಂಧ್ರಗಳಲ್ಲಿ ಹಾಕಿಟ್ಟರೆ, ಕಳ್ಳ ಸಲಕರಣೆಯಿಂದ ಎತ್ತುವಾಗ ಅವು ಗಡಿಯಲ್ಲಿ ಓರೆಯಾಗಿ ಸಿಕ್ಕಿ ಪ್ಲಗ್ಗನ್ನು ಸುಳ್ಳೇ ತುಸು ತಿರುಗಿಸಿ ನಿಲ್ಲಿಸುವುದನ್ನೂ ತೋರಿಸಬಹುದು. ಬೀಗ ಮಾರುವವರು ಅಗ್ಗದ ಮತ್ತು ಒಳ್ಳೆಯ ಬೀಗದ ವ್ಯತ್ಯಾಸ ವಿವರಿಸಲು, ಅಪರಾಧ ತನಿಖೆಯಲ್ಲಿ ಪಿನ್ನಿನ ಮೇಲಿನ ಗೀರುಗಳ ಅರ್ಥ ತಿಳಿಸಲು ಇಂಥ ಮಾದರಿ ನೆರವಾಗುತ್ತದೆ. ಬೀಗ ಬಿಡಿಸುವುದನ್ನು ಹವ್ಯಾಸವಾಗಿ ಬೆಳೆಸಿದ ಸಂಘಗಳೂ ಇವನ್ನು ಬಳಸುತ್ತವೆ. ಜರ್ಮನಿಯಲ್ಲಿ 1997ರಲ್ಲಿ ಆರಂಭವಾದ ಸಂಘ ಅವುಗಳಲ್ಲಿ ಹಳೆಯದು. ಶಾಲೆಯ ಮಕ್ಕಳಿಗೆ ಅಳತೆಯ ನಿಖರತೆ, ಸ್ಪ್ರಿಂಗಿನ ಗುಣ, ಸಂಭಾವ್ಯತೆಯ ಲೆಕ್ಕ ಮೂರನ್ನೂ ಒಂದೇ ವಸ್ತುವಿನಿಂದ ಕಲಿಸಬಹುದು.

ಮಿತಿ ಮತ್ತು ಎಚ್ಚರಿಕೆ

ಕತ್ತರಿಸಿದ ಬೀಗ ತತ್ವವನ್ನು ನಿಜವಾಗಿ ತೋರಿಸುತ್ತದೆ, ಬಲವನ್ನು ತೋರಿಸುವುದಿಲ್ಲ. ಮೈಯ ಒಂದು ಬದಿ ಹೋದ ಮೇಲೆ ಅದು ಹೊಡೆತ, ಎಳೆತ, ಡ್ರಿಲ್ಲಿಗೆ ಎಷ್ಟು ನಿಲ್ಲಬಲ್ಲದು ಎಂಬ ಅಂದಾಜಿಗೆ ಯೋಗ್ಯವಲ್ಲ. ಬೀಗವನ್ನು ಕೀಲಿಕೈ ಇಲ್ಲದೆ ತೆರೆಯಲು ಸಾಧ್ಯವಾಗುವುದು ರಂಧ್ರಗಳ ಸಾಲಿನಲ್ಲಿ ಉಳಿದಿರುವ ಅತಿ ಸೂಕ್ಷ್ಮ ಓರೆಕೋರೆಯಿಂದ. ಅದರಿಂದಾಗಿ ಪಿನ್ನುಗಳು ಒಟ್ಟಿಗೆ ಅಲ್ಲದೆ ಒಂದೊಂದಾಗಿ ಕಚ್ಚಿಕೊಳ್ಳುತ್ತವೆ. ಕತ್ತರಿಸುವಾಗ ಗೋಡೆಗಳು ತುಸು ಅಲುಗಿದರೂ ಆ ಕ್ರಮ ಬದಲಾಗುತ್ತದೆ, ಸಡಿಲ ಹೆಚ್ಚುತ್ತದೆ. ಹೀಗಾಗಿ ಮಾದರಿಯಲ್ಲಿ ಸುಲಭವಾಗಿ ಬಿಡಿಸಿದ ಬೀಗ ಬಾಗಿಲಿನಲ್ಲೂ ಅಷ್ಟೇ ಸುಲಭವೆಂದು ತಿಳಿಯಬಾರದು.

ಬಳಕೆಯಲ್ಲಿರುವ ಬೀಗವನ್ನಾಗಲಿ, ಅದರ ಕೀಲಿಕೈಗೇ ತೆರೆಯುವ ಬೇರೆ ಬೀಗವನ್ನಾಗಲಿ ಮಾದರಿಗೆ ಬಳಸಬಾರದು, ಏಕೆಂದರೆ ತೆರೆದ ಕಿಂಡಿಯಲ್ಲಿ ಪಿನ್ನುಗಳ ಉದ್ದವನ್ನು ಅಳೆದು ಯಾರು ಬೇಕಾದರೂ ಕೀಲಿಕೈ ಮಾಡಿಕೊಳ್ಳಬಹುದು. ಒಂದೇ ಮಾಸ್ಟರ್ ಕೀಯಿಂದ ಇಡೀ ಕಟ್ಟಡ ತೆರೆಯುವ ವ್ಯವಸ್ಥೆಯ ಬೀಗಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅವುಗಳ ಕೆಲವು ರಂಧ್ರಗಳಲ್ಲಿ ಎರಡರ ಬದಲು ಮೂರು ಪಿನ್ನುಗಳಿದ್ದು, ನಡುವಿನ ತೆಳು ಬಿಲ್ಲೆ ಮಾಸ್ಟರ್ ಕೀಯ ಹಲ್ಲಿನ ಎತ್ತರವನ್ನೇ ಹೇಳುತ್ತದೆ. ಅಂಥ ವ್ಯವಸ್ಥೆಯ ಒಂದು ಬೀಗ, ಒಂದು ಸಾಮಾನ್ಯ ಕೀಲಿಕೈ ಕೈಗೆ ಸಿಕ್ಕರೆ ಬೀಗವನ್ನು ಬಿಚ್ಚದೆಯೇ ಮಾಸ್ಟರ್ ಕೀಯನ್ನು ಕಂಡುಹಿಡಿಯಬಹುದೆಂದು ಅಮೆರಿಕದ ಸಂಶೋಧಕ ಮ್ಯಾಟ್ ಬ್ಲೇಜ್ 2003ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಕತ್ತರಿಸಿದ ಬೀಗದಲ್ಲಿ ಅಷ್ಟು ಶ್ರಮವೂ ಬೇಡ. ಮಾದರಿಗೆ ಹೊಸ ಬೀಗವನ್ನು ಬಳಸುವುದು ಅಥವಾ ಹಳೆಯದರ ಪಿನ್ನುಗಳನ್ನು ಬದಲಿಸಿ, ಅದಕ್ಕೆಂದೇ ಬೇರೆ ಕೀಲಿಕೈ ಕೊರೆಸುವುದು ಸರಿಯಾದ ಕ್ರಮ.

ಸಿದ್ಧವಾದ ಮಾದರಿಗೆ ದಪ್ಪ ಎಣ್ಣೆ ಹಾಕಿದರೆ ತೆರೆದ ಕಿಂಡಿಯಿಂದ ಬರುವ ಧೂಳು ಅದಕ್ಕೆ ಮೆತ್ತಿ ಪಿನ್ನುಗಳು ನಿಧಾನವಾಗುತ್ತವೆ. ಚಿಟಿಕೆ ಗ್ರಾಫೈಟ್ ಪುಡಿ ಸಾಕು. ಬೆರಳಿನ ಬೆವರಿನಿಂದ ಹಿತ್ತಾಳೆ ಕಪ್ಪಾಗದಂತೆ ಕತ್ತರಿಸಿದ ಮೈಗೆ ತೆಳುವಾಗಿ ಮೇಣ ಸವರಿ, ಪಿನ್ನುಗಳು ಮೇಲಿರುವಂತೆ ಮರದ ಪೀಠದಲ್ಲಿ ನಿಲ್ಲಿಸಿ, ಬಳಸದಿರುವಾಗ ಗಾಜಿನ ಮುಚ್ಚಳದ ಕೆಳಗಿಟ್ಟರೆ ಮಾದರಿ ಬಹುಕಾಲ ಬಾಳುತ್ತದೆ.